ಮಜ್ಜಿಗೆಯಲ್ಲಿ ಮದ್ದು

"ನನಗೇನಾಗಿದೆ ಅಂತ ಕೇಳ್ತೀರಲ್ಲ ಬುದ್ಧೀ, ನನಗೇನೂ ಆಗಿಲ್ಲ. ಎಲ್ಲ ಆ ಹೂವಿನವಳಿಂದ. ಮಠದ ಮೆಟ್ಟಿಲ ಮೇಲೇ ಕೂತು ಹೋಗೋರು ಬರೋರ್ನೆಲ್ಲ ನೋಡಿ ನಗ್ತಾಳೆ. ನಾನು ತಲೆ ಬಗ್ಗಿಸ್ಕೊಂಡೇ ಓಡಾಡ್ತೀನಿ. ಆದ್ರೂ ಧ್ಯಾನಕ್ಕೆ ಕೂತ್ರೆ ಮಲ್ಲಿಗೆ ವಾಸನೆ! ಹೆಣ್ಣಿಗೆ ಯಾಕೆ ಬುದ್ಧೀ ಇಷ್ಟು ಶಕ್ತಿ? ಅವಳನ್ನ ಅಲ್ಲಿಂದ ಎಬ್ಬಿಸಿಬಿಡಿ."

ಚನ್ನಿಗಪ್ಪ ಮಠದ ಹಳೆಯ ಶಿಷ್ಯ. ವಯಸ್ಸು ಐವತ್ತರ ಹತ್ತಿರ. ಈಚೆಗೆ ಮೀಸೆಗೆ ಬಣ್ಣ ಹಚ್ಚುತ್ತಿದ್ದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

"ಎಬ್ಬಿಸಿದರೆ ಅವಳ ಹೊಟ್ಟೆಪಾಡು ಹೋಗುತ್ತೆ. ಮೊದಲು ಒಂದು ಕತೆ ಕೇಳು" ಅಂದರು ಸ್ವಾಮಿಗಳು.

ಒಂದೂರಲ್ಲಿ ಒಬ್ಬ ಗೌಡ. ಅಲ್ಲಿ ಅವನ ಮಾತೇ ಮಾತು. ಹೊಳೆ ದಾಟುವ ಕಡೆ ಒಬ್ಬಳು ಮಜ್ಜಿಗೆ ಮಾರುತ್ತಿದ್ದಳು. ಗೌಡ ದಿನಕ್ಕೊಂದು ಲೋಟ ಕುಡಿಯುತ್ತಿದ್ದವನು ಮೂರಕ್ಕೆ ಬಂದ, ಆಮೇಲೆ ಏಳಕ್ಕೆ. ಹೊಳೆ ದಾಟುವ ಕೆಲಸ ಅವನಿಗೆ ಇರಲೇ ಇಲ್ಲ. ಇವಳು ನನಗೆ ಮದ್ದು ಹಾಕಿ ವಶ ಮಾಡಿಕೊಂಡಿದ್ದಾಳೆ ಅಂತ ಅವನಿಗೆ ಖಾತ್ರಿಯಾಯಿತು. ಮದ್ದು ಕಕ್ಕಿಸುವ ಪಂಡಿತನ ಹತ್ತಿರ ಹೋದ. ಪಂಡಿತ ಮೂರು ಸಲ ಕಕ್ಕಿಸಿದ. ಮೂರು ಸಲವೂ ಬರೀ ಮಜ್ಜಿಗೆ ಬಂತು. ಒಂದು ಸಲ ಕರಿಬೇವಿನ ಎಲೆಯೂ ಬಂತು. ಗೌಡ ರೇಗಿದ. ತಮಟೆ ಹೊಡೆಸಿ, ಊರನ್ನೆಲ್ಲ ಹಿಂದೆ ಕಟ್ಟಿಕೊಂಡು ಹೊಳೆಗೆ ಹೋದ.

"ಹಾಕಿದ ಮದ್ದು ತೆಗಿ. ಇಲ್ಲ, ಗಡಿಗೆ ಎತ್ಕೊಂಡು ಊರು ಬಿಡು."

ಅವಳು ಹೊಳೆಯ ನೀರು ಮುಟ್ಟಿದಳು. "ಈ ಗಂಗಮ್ಮನಾಣೆ ಗೌಡ್ರೇ, ನಿಮಗೆ ನಾನೇನೂ ಹಾಕಿಲ್ಲ. ಉಪ್ಪು, ಶುಂಠಿ, ಕರಿಬೇವು, ಅಷ್ಟೇ."

ಊರು ನಂಬಿತು. ಗೌಡನೂ ನಂಬಿದ. ನಂಬಿದ ಮೇಲೆ ಅವನ ಮುಖ ಇಳಿದುಹೋಯಿತು. ಹತ್ತಿರ ಹೋಗಿ, ಯಾರಿಗೂ ಕೇಳದ ಹಾಗೆ ಕೇಳಿದ:

"ನನಗೆ ಹಾಕಿಲ್ವಾ? ಮತ್ತೆ ಯಾರಿಗೆ ಹಾಕಿದೀಯ?"

ಚನ್ನಿಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದ ಬುದ್ಧೀ ಅವನು!"

ಸ್ವಾಮಿಗಳೂ ನಕ್ಕರು. ಅವನು ಕಣ್ಣೊರೆಸಿಕೊಂಡು ಸುಧಾರಿಸಿಕೊಳ್ಳುವವರೆಗೂ ಕಾದರು.

"ಅದಿರಲಿ, ಆ ಹೂವಿನವಳಿಗೆ ನಿನ್ನ ಹೆಸರು ಗೊತ್ತೇನಯ್ಯ?"

ಚನ್ನಿಗಪ್ಪನ ನಗು ಅಲ್ಲೇ ನಿಂತಿತು. ಎಬ್ಬಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತವನು ಸುಮ್ಮನಿರಲಾರದೆ, ಅನ್ನಕ್ಕೆ ಮಜ್ಜಿಗೆ ಹಾಕುತ್ತಿದ್ದ ಹೆಂಡತಿ ಸಾಕಮ್ಮನನ್ನು ಅದನ್ನೇ ಕೇಳಿದ.

"ನಿಮ್ಮ ಹೆಸರಾ? ಅವಳಿಗೆಲ್ಲಿ ಗೊತ್ತು?" ಅಂದಳು ಸಾಕಮ್ಮ, ಇನ್ನೊಂದು ಸೌಟು ಹಾಕುತ್ತ. "ಆದ್ರೆ ಪಾಪ, ನೆನ್ನೆ ಕೇಳ್ತಿದ್ಲು, ನಿಮ್ಮ ಯಜಮಾನ್ರು ದಿನಾ ನಾಲ್ಕು ಸಲ ನೆಲ ನೋಡ್ಕೊಂಡು ಓಡಾಡ್ತಾರಲ್ಲ, ಏನಕ್ಕಾ ಕಳ್ಕೊಂಡಿದ್ದಾರೆ, ನಾನೂ ಹುಡುಕ್ಲಾ ಅಂತ."