ಜನರಲ್ ಸಾಹೇಬರ ಏಳನೆಯ ಅಧ್ಯಾಯ

ಕೃಷ್ಣಾ ನದಿಯ ದಂಡೆಯ ಆಶ್ರಮಕ್ಕೆ ಒಬ್ಬ ಜನರಲ್ ಶಿಷ್ಯರಾಗಿ ಬಂದರು.

ಹೆಸರು ಲೆಫ್ಟಿನೆಂಟ್ ಜನರಲ್ ರುದ್ರಗೌಡ ಹಂಚಿನಾಳ. ಮೂವತ್ತೆಂಟು ವರ್ಷ ಸೇನೆಯಲ್ಲಿದ್ದವರು. ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಪದಕಗಳು ಎದೆಯ ಮೇಲೆ ಒಂದು ಸಾಲಿನಲ್ಲಿ ಹಿಡಿಸುತ್ತಿರಲಿಲ್ಲ.

ಬಂದ ವಾರದೊಳಗೆ ಆಶ್ರಮದ ಹಾದಿಯ ಕಲ್ಲುಗಳಿಗೆಲ್ಲ ಒಂದಕ್ಕೆ ಕೆಮ್ಮಣ್ಣು, ಒಂದಕ್ಕೆ ಸುಣ್ಣ ಬಳಿದರು. ಸೇನೆಯವರಿದ್ದಲ್ಲೆಲ್ಲ ಅದೇ ಪದ್ಧತಿ. ಬೇವಿನ ಮರಕ್ಕೂ ಸೊಂಟದವರೆಗೆ ಸುಣ್ಣ ಬಂತು.

ಗುರು ನೀಲವ್ವ ಹೊರಗೆ ಬಂದು ನೋಡಿದರು.

"ನಮ್ಮ ಎಮ್ಮಿ ಎರಡೂ ಬಣ್ಣ ಇಲ್ದ ಹಂಗ ಉಳದಾವಲ್ರೀ ಸಾಹೇಬ್ರ" ಎಂದರು.

ಜನರಲ್ ತಮ್ಮ ಜೀವನಚರಿತ್ರೆ ಬರೆಯುತ್ತಿದ್ದರು. ಆರು ಅಧ್ಯಾಯ ಸರಾಗವಾಗಿ ಮುಗಿದಿದ್ದವು. ಏಳನೆಯದು ಎರಡು ತಿಂಗಳಾದರೂ ಒಂದು ಸಾಲು ಮುಂದೆ ಹೋಗಿರಲಿಲ್ಲ. ಅದರಲ್ಲಿ ಗಡಿಯ ಒಂದು ಗುಡ್ಡವಿತ್ತು. ಮೂವತ್ತು ವರ್ಷದ ಹಿಂದೆ ಆ ಗುಡ್ಡ ಗೆದ್ದದ್ದಕ್ಕೇ ಅವರಿಗೆ ದೊಡ್ಡ ಪದಕ ಬಂದದ್ದು.

"ಬರಿಯಾಕ ಆಗವಲ್ದಂದ್ರ ಹೇಳ್ರಿ. ನಾ ಕೇಳ್ತೀನಿ" ಎಂದರು ನೀಲವ್ವ.

ಯುದ್ಧಕ್ಕೆ ಮೊದಲು ಅಧಿಕಾರಿಗಳು ಇಡೀ ರಣರಂಗವನ್ನು ಮರಳಿನಲ್ಲಿ ಮಾಡಿಟ್ಟು, ಸುತ್ತ ಕೂತು ಯೋಚಿಸುತ್ತಾರೆ. ಜನರಲ್‌ಗೆ ಹೇಳಲು ಗೊತ್ತಿದ್ದ ರೀತಿ ಅದೊಂದೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಳೆಯ ದಂಡೆಯಲ್ಲಿ ಕೂತು, ಒದ್ದೆ ಮರಳಿನಿಂದ ಗುಡ್ಡ ಕಟ್ಟಿದರು. ಶತ್ರುಗಳಿಗೆ ಕರಿಕಲ್ಲು. ತಮ್ಮವರಿಗೆ ಬೇವಿನ ಕಡ್ಡಿ.

"ಇಲ್ಲಿಂದ ಒಂದು ತುಕಡಿ ಹತ್ತಿತು. ಈ ಕಡೆಯಿಂದ ಇನ್ನೊಂದು. ಐದು ತಾಸಿನ್ಯಾಗ ಗುಡ್ಡ ನಮ್ಮದಾಯ್ತು."

"ನೀವೆಲ್ಲಿದ್ರಿ?"

ಜನರಲ್ ದೂರದಲ್ಲಿ, ನೀಲವ್ವನ ಪಾದದ ಹತ್ತಿರ ಒಂದು ಬಿಳಿಕಲ್ಲು ಇಟ್ಟರು. "ಇಲ್ಲಿ. ಕಮಾಂಡರ್ ಹಿಂದೇ ಇರಬೇಕಾಗ್ತದ, ಅವ್ವಾರ."

"ನಾ ಏನೂ ಅನ್ಲಿಲ್ರೀ. ಜಾಗ ಕೇಳಿದೆ, ಅಷ್ಟ."

ಗುಡ್ಡದ ಪಕ್ಕದ ಕೊರಕಲಿನಲ್ಲಿ ಒಂದು ಹುಣಸೆ ಬೀಜ ಬಿದ್ದಿತ್ತು. ಜನರಲ್ ತಾವೇ ಇಟ್ಟಿದ್ದರೂ ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

"ಇದ್ಯಾರು?"

ಮರಳಿನ ಮೇಲೆ ತೋರಿಸುತ್ತಿದ್ದ ಜನರಲ್ ಕೈಯ ಕೋಲು ನಿಂತಿತು.

"ನಾಯಕ್ ಯಮನಪ್ಪ ಬಾರಕೇರ. ನನ್ನ ಕೈಕೆಳಗಿನ ಸಣ್ಣ ಹುದ್ದೇದವ. ಕಾಲಿಗೆ ಗುಂಡು ಬಿದ್ದು ಕೊರಕಲಿಗೆ ಉರುಳಿದ. ಹುಡುಕಲಿಕ್ಕೆ ಜನ ಕಳಿಸಿದ್ರ ಗುಡ್ಡ ಕೈತಪ್ಪತಿತ್ತು. ಕಳಿಸಲಿಲ್ಲ."

"ಆಮ್ಯಾಲ?"

"ಸತ್ತಾನ ಅಂತ ಅವರವ್ವಗ ನಾನೇ ಪತ್ರ ಬರದೆ. ಭಾಳ ಚೆಂದ ಬರದಿದ್ದೆ." ಜನರಲ್ ಕೋಲು ಕೆಳಗಿಟ್ಟರು. "ಮೂರನೇ ದಿನ ಬೇರೆ ತುಕಡಿಯವರಿಗೆ ಸಿಕ್ಕ. ಜೀವ ಇತ್ತು. ಒಂದು ಕಾಲು ಹೋಯ್ತು. ನನ್ನ ಎರಡನೇ ಪತ್ರ ಮುಟ್ಟೂದ್ರಾಗ ಮನಿಯವರು ದಿನಕರ್ಮ ಮುಗಿಸಿ, ಅವನ ಬಟ್ಟೀನೆಲ್ಲ ಹೊಳಿಗೆ ಬಿಟ್ಟಿದ್ರಂತ."

ಅಷ್ಟರಲ್ಲಿ ನೀರಿನಿಂದ ಎದ್ದ ಎಮ್ಮೆಯೊಂದು ನೇರ ಗುಡ್ಡದ ಕಡೆಗೇ ನಡೆದುಬಂತು.

"ಥಮ್!" ಎಂದು ಜನರಲ್ ಕವಾಯತಿನ ಹಿಂದಿಯಲ್ಲಿ ಕೂಗಿದರು. ಒಂದು ಕಾಲಕ್ಕೆ ಆ ದನಿಗೆ ಸಾವಿರ ಬೂಟುಗಳು ಒಟ್ಟಿಗೆ ನಿಲ್ಲುತ್ತಿದ್ದವು.

"ಅದಕ್ಕ ಕನ್ನಡ ಅಷ್ಟ ತಿಳಿತೈತ್ರೀ" ಎಂದರು ನೀಲವ್ವ.

ಎಮ್ಮೆ ಗುಡ್ಡ ತುಳಿದುಕೊಂಡು ಹೋಯಿತು. ಕರಿಕಲ್ಲು, ಕಡ್ಡಿ, ಕೊರಕಲು ಎಲ್ಲ ಒಂದಾದವು.

ಜನರಲ್ ಮೊಣಕಾಲೂರಿ ಎರಡೂ ಕೈಯಿಂದ ಮರಳು ಕೆದರತೊಡಗಿದರು. ಉಗುರಿನೊಳಗೆ ಮರಳು ಹೋಯಿತು, ಕನ್ನಡಕ ಜಾರಿ ಬಿತ್ತು. ಅವರು ನಿಲ್ಲಿಸಲಿಲ್ಲ. ಕೊನೆಗೆ ಹುಣಸೆ ಬೀಜ ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ಕೂತರು.

"ಗುಡ್ಡ ಹೋದ್ರ ಹೋಗ್ಲಿ ಅಂದ್ರಿ ಈಗ" ಎಂದರು ನೀಲವ್ವ, ಮೆತ್ತಗೆ.

ಜನರಲ್ ಮುಷ್ಟಿ ಬಿಚ್ಚಿ ಬೀಜಕ್ಕೆ ಹತ್ತಿದ ಮರಳು ಒರೆಸಿದರು.

"ಈಗ ಎಲ್ಲಿದ್ದಾರ ಯಮನಪ್ಪನವರು?"

ಜನರಲ್ ತಲೆ ಎತ್ತದೆ ಆಚೆ ದಂಡೆಯತ್ತ ಕೈ ತೋರಿಸಿದರು. "ಆ ಊರಾಗ. ಹಿಟ್ಟಿನ ಗಿರಣಿ ಇಟ್ಟಾನಂತ."

"ಅಂದ್ರ ನೀವು ಇಲ್ಲಿಗೆ ಬಂದದ್ದು ನನ್ನ ಸಲುವಾಗಿ ಅಲ್ಲ!" ನೀಲವ್ವ ನಕ್ಕರು. "ಜನರಲ್ರನ್ನ ಎಳಕೊಂಡು ಬರೂವಷ್ಟು ದೊಡ್ಡ ಗುರು ಆಗೀನಿ ಅಂತ ಎರಡು ತಿಂಗಳಿಂದ ಹಿಗ್ಗಿ ಕುಂತಿದ್ದೆ."

ಜನರಲ್ ಮುಖದಲ್ಲೂ ನಗು ಬಂದು ಹೋಯಿತು.

"ತಪ್ಪಾಯ್ತು ಅಂತ ಒಂದು ಮಾತು ಹೇಳಬೇಕು ಅವನಿಗೆ. ಮೂರು ಸಲ ದೋಣಿ ತನಕ ಹೋಗಿ ತಿರುಗಿ ಬಂದೆ."

"ಬೈತಾರ ಅಂತ ಅಂಜಿಕೇನು?"

"ಬೈದ್ರ ತಡಕೋತೀನಿ, ಅವ್ವಾರ. ನನ್ನ ನೋಡಿದ ಕೂಡ್ಲೇ ಆ ಒಂದು ಕಾಲಿನ ಮ್ಯಾಲ ಎದ್ದು ನಿಂತು ಸೆಲ್ಯೂಟ್ ಹೊಡದ್ರ? ನನ್ನ ಕೈ ತಾನಾಗೇ ಮ್ಯಾಲ ಹೋಗ್ತದ. ಅವನು ಮತ್ತ ನಾಯಕ್, ನಾನು ಮತ್ತ ಕಮಾಂಡರ್. ಹೇಳಬೇಕಾದ್ದು ಅಲ್ಲೇ ನಿಂತುಬಿಡ್ತದ."

ನೀಲವ್ವ ಸೀರೆಗೆ ಹತ್ತಿದ ಮರಳು ಕೊಡವಿದರು.

"ಸೆಲ್ಯೂಟ್ ಹೊಡೀಲಾರದಂಗ ಇರಾಕ ನಿಮ್ಮ ಕಾನೂನಿನ್ಯಾಗ ಏನರ ದಾರಿ ಐತೇನ್ರೀ?"

"ಎರಡೂ ಕೈಯಾಗ ಭಾರ ಇದ್ದವರು ಹೊಡೀಬೇಕಂತಿಲ್ಲ. ಅದೊಂದು ಬಿಟ್ರ ಬೇರೆ ಇಲ್ಲ."

ನೀಲವ್ವ ಎದ್ದು ಅಡುಗೆಮನೆಗೆ ಹೋದರು. ಅಂಚಿನವರೆಗೆ ಜೋಳ ತುಂಬಿದ ದೊಡ್ಡ ಬುಟ್ಟಿ ತಂದು, ಜನರಲ್ ತೋಳುಗಳಲ್ಲಿ ಇಟ್ಟರು.

ಜನರಲ್ ಬುಟ್ಟಿ ಅಪ್ಪಿಕೊಂಡು ನೆಟ್ಟಗೆ ನಿಂತರು. ದೂರದಲ್ಲಿ ದೋಣಿಯವನು ಹುಟ್ಟು ಎತ್ತಿ ಕರೆಯುತ್ತಿದ್ದ.

"ಇದನ್ನ ಹಿಡಕೊಂಡು ಹೋಗಿ ಅವನ ಮುಂದ ನಿಂತು ಏನು ಮಾಡಲಿ, ಅವ್ವಾರ?"

"ಅವರ ಕೈ ತುಂಬ ಹಿಟ್ಟು ಇರ್ತೈತಿ, ನಿಮ್ಮ ಕೈ ತುಂಬ ಜೋಳ. ಖಾಲಿ ಉಳಿಯೂದು ಬಾಯಿ ಅಷ್ಟರೀ ಸಾಹೇಬ್ರ."