ಶೆಟ್ಟರು ಉಟ್ಟ ಸೀರೆ

"ಎಲ್ಲಾ ಪೋಸ್ಟಿನ್ಯಾಗೂ ನನ್ನ ಮುಖ ಇರಬೇಕು. ಶನಿವಾರದೊಳಗ ಗಿರಾಕಿ ಬರಬೇಕು. ಬರಲಿಲ್ಲಂದ್ರ ನಿನ್ನ ಕೆಲಸ ಅವತ್ತಿಗೆ ಮುಗೀತು" ಎಂದರು ಇಳಕಲ್ಲಿನ ಸೀರೆ ಅಂಗಡಿಯ ಗುರಪ್ಪ ಶೆಟ್ಟರು.

ಭುವನಾ ಗೋಣು ಆಡಿಸಿದಳು. ಹುಟ್ಟುಹಬ್ಬದ ಫ್ಲೆಕ್ಸ್ ಮಾಡುವ ಕೆಲಸ ಬಿಟ್ಟು, ಅಂಗಡಿಗಳಿಗೆ ಮೊಬೈಲಿನಲ್ಲಿ ಪ್ರಚಾರ ಮಾಡಿಕೊಡುತ್ತೇನೆಂದು ಹೊರಟವಳಿಗೆ ಇದೇ ಮೊದಲ ಅಂಗಡಿ. ಇದೂ ಹೋದರೆ ಮತ್ತೆ ಫ್ಲೆಕ್ಸೇ ಗತಿ. ಶೆಟ್ಟರು ಜರಿಪೇಟ ಸುತ್ತಿ ಕೈಕಟ್ಟಿ ನಿಂತ ಹತ್ತು ಫೋಟೊ ಹಾಕಿ ನೋಡಿದ್ದಳು. ಶೆಟ್ಟರ ಅಳಿಯನನ್ನು ಬಿಟ್ಟು ಯಾರೂ ಮೆಚ್ಚಿರಲಿಲ್ಲ.

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದಳು. ಶೆಟ್ಟರು ರೂಢಿಯಂತೆ ಸೀರೆ ಬಿಚ್ಚಿ, ತಮ್ಮ ಸೊಂಟಕ್ಕೇ ನಿರಿಗೆ ಹಿಡಿದು, ಕೆಂಪು ಸೆರಗನ್ನು ಹೆಗಲಿಗೇರಿಸಿ, ದಪ್ಪ ಮೀಸೆಯಡಿ ನಕ್ಕು ನಿಂತರು.

"ಹೆಂಗ ಕಾಣತೈತಿ ಯವ್ವಾ?"

"ನನಗಿಂತ ನಿನಗ ಚಲೋ ಒಪ್ಪತೈತಿ ತಗೋ" ಎಂದಳು ಅಜ್ಜಿ.

ಭುವನಾ ಅದನ್ನೇ ವಿಡಿಯೊ ಮಾಡಿ ಹಾಕಿದಳು.

ಮರುದಿನ ಮುಂಜಾನೆ ಶೆಟ್ಟರು ಕೆಂಡವಾಗಿದ್ದರು. "ನನ್ನ ಮಾನ ಕಳದಿ. ಬೀಗರೆಲ್ಲ ನೋಡ್ಯಾರ. ತಗಿ ಅದನ್ನ."

"ನಿಮ್ಮ ಮುಖ ಇರಬೇಕು ಅಂದಿದ್ರಲ್ರೀ ಕಾಕಾ. ಅಡಿಯಿಂದ ಮುಡಿತನಕ ನೀವೇ ಅದೀರಿ."

ಶೆಟ್ಟರು ಬಾಯಿ ತೆರೆಯುವಷ್ಟರಲ್ಲಿ ಗದಗಿನಿಂದ ಆರು ಮಂದಿ ಹೆಂಗಸರು ಬಂದಿಳಿದರು. "ನೀವು ಉಟ್ಟಿದ್ರಲ್ಲ, ಆ ಸೀರಿ ತೋರಸ್ರಿ."

ಶೆಟ್ಟರು ಕಪಾಟಿನಿಂದ ಅಂಥದೇ ಕೆಂಪು ಸೆರಗಿನ ಸೀರೆ ತೆಗೆದರು. ಆಮೇಲೆ ಸೀರೆಯ ಮಡಿಕೆ ಬಿಚ್ಚಿ, ಭುವನಾಳ ಕಡೆ ತಿರುಗಿದರು.

"ನಿನ್ನೆ ಸೆರಗು ಸರಿ ಬಂದಿಲ್ಲವ್ವ. ಈಗ ಇನ್ನೊಮ್ಮೆ ವಿಡಿಯೊ ಹಿಡಿ."

ದೀಪಾವಳಿಯೊಳಗೆ ಅದೇ ಓಣಿಯ ಇನ್ನೂ ನಾಲ್ಕು ಅಂಗಡಿಯವರು ಭುವನಾಳನ್ನು ಕರೆದರು.