ವ್ರತದ ನಡುವೆ ಹೊಳೆ ದಾಟಿದ್ದು

ತುಂಗಭದ್ರೆಯ ದಡದ ಆಶ್ರಮದಲ್ಲಿ ಚಾತುರ್ಮಾಸ್ಯ ಆಗಷ್ಟೇ ಶುರುವಾಗಿತ್ತು. ಮಳೆಗಾಲದ ಆ ವ್ರತ ಹಿಡಿದ ಸನ್ಯಾಸಿಗಳು ಅದು ಮುಗಿಯುವ ತನಕ ಹೊಳೆ ದಾಟುವಂತಿಲ್ಲ.

ಶಿಷ್ಯ ಅಮಲಾನಂದನಿಗೆ ಹಿಂದಿನ ವರ್ಷ ಶ್ವಾಸಕೋಶದ ಕ್ಯಾನ್ಸರ್ ಆಗಿ, ಬಲಗಡೆಯ ಒಂದು ಭಾಗವನ್ನೇ ಕೊಯ್ದು ತೆಗೆದಿದ್ದರು. ಆಮೇಲೆ ಕೀಮೋ. ಕ್ಷೌರದವನ ಕೆಲಸ ಉಳಿಯಿತು ಎಂದು ಬೋಳು ತಲೆ ಸವರಿಕೊಂಡು ನಕ್ಕಿದ್ದ ಆಸಾಮಿ! ಎಲ್ಲ ಮುಗಿಯಿತು ಅಂದುಕೊಂಡಿದ್ದ.

ಇವತ್ತು ಡಾಕ್ಟರಮ್ಮನ ಫೋನು ಬಂತು. ವ್ರತಕ್ಕೆ ಮುಂಚೆ ಮಾಡಿಸಿದ್ದ ಸ್ಕ್ಯಾನಿನಲ್ಲಿ ರೋಗ ಮತ್ತೆ ಕಂಡಿದೆ. ಈ ಸಲ ಎಡ ಶ್ವಾಸಕೋಶದಲ್ಲಿ, ಬೆನ್ನೆಲುಬಿನಲ್ಲೂ. ಸನ್ಯಾಸಿಯಾದರೇನು, ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಗುರು ಪರಮಬೋಧರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಹೋಗಿ ಪಕ್ಕದಲ್ಲಿ ನಿಂತ.

“ಗುರುಗಳೇ, ಮತ್ತೆ ಬಂದಿದೆ.”

“ಹೂಂ.”

“ಕೊಯ್ದರು, ಔಷಧಿ ಹಾಕಿ ಸುಟ್ಟರು. ಆದರೂ ಬಂತಲ್ಲ! ನಾನು ಯಾವ ನಿಯಮ ತಪ್ಪಿದೆ?”

“ಯಾವುದೂ ಇಲ್ಲ. ಕಣ್ಣಿಗೆ ಕಾಣದಷ್ಟು ಉಳಿದಿತ್ತು, ಬೆಳೆಯಿತು. ಡಾಕ್ಟರಮ್ಮ ಏನಂದರು?”

“ಹೊಸ ಔಷಧಿ ಇದೆಯಂತೆ. ತಡಮಾಡದೆ ಹೊಳೆಯಾಚೆಯ ಆಸ್ಪತ್ರೆಗೆ ಬನ್ನಿ ಅಂದರು. ಚಾತುರ್ಮಾಸ್ಯ ಮುಗಿಯಲಿ, ಬರುತ್ತೇನೆ ಅಂದೆ.”

“ವ್ರತಕ್ಕೋ, ಭಯಕ್ಕೋ?”

“ಭಯಕ್ಕೇ. ಮತ್ತೆ ಆ ವಾಂತಿ, ಆ ಸುಸ್ತು. ಆ ಮಂಚದ ಮೇಲೆ ಇನ್ನೊಮ್ಮೆ ಒಬ್ಬನೇ ಮಲಗಲಾರೆ. ಸಾಯುವುದಾದರೆ ಇಲ್ಲೇ ಸಾಯುತ್ತೇನೆ ಬಿಡಿ.”

ಗುರುಗಳು ಕಮಂಡಲು ಎತ್ತಿಕೊಂಡರು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದರು, ಸೀದಾ ಹೋಗಿ ಹರಿಗೋಲಿನಲ್ಲಿ ಕೂತುಬಿಟ್ಟರು.

ಹರಿಗೋಲಿನ ಅಂಬಿಗ ದುರುಗಪ್ಪ ಕಂಗಾಲಾದ. “ಬುದ್ಧೀ, ವ್ರತ ಐತಲ್ರೀ!”

“ಗೊತ್ತಪ್ಪ. ಹುಟ್ಟು ತಗೋ.”

ಅಮಲಾನಂದ ಏದುಸಿರು ಬಿಡುತ್ತ ಓಡಿಬಂದ. “ಇಷ್ಟು ವರ್ಷದಲ್ಲಿ ಒಂದು ಸಲವೂ ವ್ರತ ಮುರಿದವರಲ್ಲ ನೀವು. ನೋಡಿದವರು ಏನಂದಾರು?”

“ಅಂದುಕೊಳ್ಳಲಿ.”

ಅವನು ನೀರಿನಂಚಿನಲ್ಲೇ ನಿಂತ. ಅಳು ಬಂತು, ತಡೆಯಲಿಲ್ಲ. ಗುರುಗಳೂ ಅವಸರ ಮಾಡಲಿಲ್ಲ.

“ಹೋದರೆ ವಾಸಿಯಾಗುತ್ತದೆಯೇ ಗುರುಗಳೇ?”

“ಗೊತ್ತಿಲ್ಲ ಕಣೋ. ಹತ್ತಿ ನನ್ನ ಎದುರಿಗೆ ಕೂತುಕೋ. ಒಂದೇ ಕಡೆ ಭಾರವಾದರೆ ಹರಿಗೋಲು ವಾಲುತ್ತದೆ.”